ಜೇಬು ಮತ್ತು ತಕರಾರು: ಅರಬ್ಬಿ ಕಲಿಯುವ ಜಾಣ ಮಕ್ಕಳ ಕೈಯಲ್ಲಿ ಮೊಬೈಲು

(ಚಿಕ್ಕಜಾಲದಲ್ಲಿ ನೀಡಿದ ದತ್ತಿ ಉಪನ್ಯಾಸದ ಅಚ್ಚು ರೂಪ)



ಸಂಘಟಕರು ಫೋನ್ ಮಾಡಿ ವಿಷಯ ಏನೆಂದು ಕೇಳಿದಾಗ "ಅರಬ್ಬಿ, ಮೊಬೈಲು, ಜಾಣ ಮಕ್ಕಳು" ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಅರೆಭಾಷೆಯಾ ಸಾರ್, ಅರಬ್ಬಿ ಭಾಷೆಯಾ?" ಎಂದು ಕೇಳಿದರು. ಅವರದೇನೂ ತಪ್ಪಿಲ್ಲ. ಕೊಡಗು, ಸುಳ್ಯದ ಕಡೆಯ ಅರೆಭಾಷೆಗೆ ಮಡಿಕೇರಿಯಲ್ಲಿ ಒಂದು ಅಕಾಡೆಮಿಯೇ ಇದೆ. ಚಿಕ್ಕಜಾಲದಲ್ಲಿ ನಿಂತು ಕನ್ನಡದಲ್ಲಿ ಅರಬ್ಬಿಯ ಬಗ್ಗೆ ಮಾತಾಡುವವರು ಎಷ್ಟು ಜನ ಸಿಕ್ಕಾರು? ನಾನು ಇಪ್ಪತ್ತೆಂಟು ವರ್ಷ ಈ ಉತ್ತರ ಬೆಂಗಳೂರಿನ ಶಾಲೆಗಳಲ್ಲಿ ಅರಬ್ಬಿ ಮೇಷ್ಟ್ರಾಗಿದ್ದವನು. ನಮ್ಮಲ್ಲಿ ಎಸ್‌ಎಸ್‌ಎಲ್‌ಸಿಗೆ ಅರಬ್ಬಿಯನ್ನು ಮೂರನೆಯ ಭಾಷೆಯಾಗಿ ತೆಗೆದುಕೊಳ್ಳಬಹುದು, ಪಿಯುಸಿಯಲ್ಲೂ ಓದಬಹುದು ಎನ್ನುವುದೇ ಎಷ್ಟೋ ಪೋಷಕರಿಗೆ ಗೊತ್ತಿಲ್ಲ. ನಾಗವಾರ ಮುಖ್ಯರಸ್ತೆಯಲ್ಲಿ ಬಸ್ ನಿಲ್ದಾಣದ ಹೆಸರೇ "ಅರೇಬಿಕ್ ಕಾಲೇಜ್". ದಾರುಲ್ ಉಲೂಮ್ ಸಬೀಲುರ್ರಶಾದ್ ಅಲ್ಲಿರುವುದರಿಂದ ಬಂದ ಹೆಸರು. ಕಂಡಕ್ಟರು ದಿನಕ್ಕೆ ಇಪ್ಪತ್ತು ಸಲ ಕೂಗುತ್ತಾನೆ, ನಾವು ಕೇಳಿಸಿಕೊಳ್ಳುವುದಿಲ್ಲ.

ಈ ಸಭಾಂಗಣಕ್ಕೆ ಬರುವಾಗ ಬಳ್ಳಾರಿ ರಸ್ತೆಯ ಪಕ್ಕದ ಹಳೆಯ ಕೋಟೆಯನ್ನು ನೋಡಿಕೊಂಡು ಬಂದೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಈ ಊರಿನವರಿಗೆ ಮೆಜೆಸ್ಟಿಕ್‌ಗಿಂತ ದುಬೈ ಹತ್ತಿರ ಎಂದು ನನ್ನ ಗೆಳೆಯರೊಬ್ಬರು ತಮಾಷೆ ಮಾಡುತ್ತಾರೆ. ಪಕ್ಕದಲ್ಲಿ ದೊಡ್ಡಜಾಲವೂ ಇದೆ. ಅದಕ್ಕಿಂತ ದೊಡ್ಡ ಜಾಲವೊಂದು ಈಗ ಎಲ್ಲರ ಜೇಬಿನಲ್ಲಿದೆ.

ಈ ಜೇಬು ಎಂಬ ಮಾತು ಅರಬ್ಬಿಯದು: ಜೈಬ್. ಅದರ ಕಥೆಯನ್ನು ಆಮೇಲೆ ಹೇಳುತ್ತೇನೆ, ಅದು ಗಣಿತದ ಮೇಷ್ಟ್ರುಗಳಿಗೂ ಬೇಕಾದ ಕಥೆ. ಮೊದಲು ತಾಲ್ಲೂಕು ಕಚೇರಿಗೆ ಹೋಗೋಣ. ಜಾಲ ಹೋಬಳಿಯವರಿಗೆ ಆ ದಾರಿಯನ್ನು ಯಾರೂ ತೋರಿಸಬೇಕಾಗಿಲ್ಲ.

ಪಕ್ಕದ ಜಮೀನಿನವನ ಮೇಲೆ ರೈತನೊಬ್ಬ ವಕೀಲರ ಕೈಯಲ್ಲಿ ತಕರಾರು ಅರ್ಜಿ ಬರೆಸಿ, ತಾಲ್ಲೂಕು ಕಚೇರಿಯಲ್ಲಿ ದಾಖಲು ಮಾಡಿ, ತಹಸೀಲ್ದಾರರ ಎದುರು ಹಾಜರಾಗಿ, ಅಸಲು ನಕಲು ಎರಡನ್ನೂ ತೋರಿಸಿ, ಬಾಕಿ ಮಹಸೂಲು ಕಟ್ಟಿ, ಮಂಜೂರಾತಿ ಪಡೆದ. ಈ ಒಂದು ವಾಕ್ಯವನ್ನು ನಾನು ಎಂಟನೆಯ ತರಗತಿಯ ಮೊದಲ ದಿನ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ರೈತ, ವಕೀಲ, ತಕರಾರು, ಅರ್ಜಿ, ತಾಲ್ಲೂಕು, ದಾಖಲು, ತಹಸೀಲು, ಹಾಜರು, ಅಸಲು, ನಕಲು, ಬಾಕಿ, ಮಹಸೂಲು, ಮಂಜೂರು. ಹದಿಮೂರು ಅರಬ್ಬಿ ಪದ. ತಹಸೀಲ್ದಾರರ ಬಾಲದಲ್ಲಿರುವ 'ದಾರ' ಪಾರ್ಸಿಯದು, ಜಮೀನೂ ಪಾರ್ಸಿಯದು. ಉಳಿದ ಕಟ್ಟಡ ಬಹುಪಾಲು ಕನ್ನಡದ್ದು. "ನೀವು ಅರಬ್ಬಿ ಕಲಿಯಲು ಬಂದಿಲ್ಲ, ಮರೆತದ್ದನ್ನು ನೆನಪು ಮಾಡಿಕೊಳ್ಳಲು ಬಂದಿದ್ದೀರಿ" ಎಂದರೆ ಮಕ್ಕಳ ಮುಖ ಅರಳುತ್ತಿತ್ತು. ಪದಗಳು ಪಾರ್ಸಿ, ಉರ್ದು, ಮರಾಠಿಗಳ ಕೈ ದಾಟಿ, ಆದಿಲಶಾಹಿ, ಮರಾಠ, ಮೈಸೂರು ಆಡಳಿತಗಳ ಕಡತಗಳಲ್ಲಿ ಕೂತು ನಮ್ಮ ಮಾತಿಗೆ ಬಂದವು. ಪ್ರೊ. ಜಿ. ವೆಂಕಟಸುಬ್ಬಯ್ಯನವರು ಎರವಲು ಪದಗಳಿಗೆಂದೇ ಒಂದು ಕೋಶ ಮಾಡಿದರು. ನನ್ನ ಮೇಜಿನ ಮೇಲೆ ಅರಬ್ಬಿ ನಿಘಂಟಿನ ಪಕ್ಕದಲ್ಲೇ ಅದು ಇರುತ್ತಿತ್ತು.

ಈಗ ಜಾಣ ಮಕ್ಕಳ ವಿಚಾರ. ನನ್ನ ಅನುಭವದಲ್ಲಿ, ಈ ಹದಿಮೂರು ಪದಗಳನ್ನು ಬೇಗ ಬಾಯಿಪಾಠ ಮಾಡಿದ ಮಗುವೇ ಜಾಣ ಮಗು ಎನ್ನುವಂತಿಲ್ಲ. ಬಾಯಿಪಾಠ ಮಾಡುವ ಮಕ್ಕಳು ಪ್ರತಿ ತರಗತಿಯಲ್ಲೂ ಆರೇಳು ಜನ ಇರುತ್ತಾರೆ. ಒಂದು ವರ್ಷ ಒಬ್ಬಳು ಹುಡುಗಿ ಇದ್ದಳು. ಅವಳ ಹೆಸರು ಬೇಡ, ಅಪ್ಪ ಏರ್‌ಪೋರ್ಟ್ ಟ್ಯಾಕ್ಸಿ ಓಡಿಸುತ್ತಿದ್ದರು. ಅವಳು ಬೋರ್ಡನ್ನೇ ನೋಡುತ್ತ ಕೂತಿದ್ದು, ಎದ್ದು ನಿಂತು ಕೇಳಿದಳು: "ಸರ್, ಮಂಜೂರು, ಮಹಸೂಲು ಎರಡೂ ಒಂದೇ ಥರ ಕೇಳಿಸುತ್ತಲ್ಲ? ಮಾಮೂಲೂ ಹಾಗೇ."

ನನಗೆ ಮೈ ಜುಮ್ಮೆಂದಿತು. ಅರಬ್ಬಿ ವ್ಯಾಕರಣದ ಬೆನ್ನೆಲುಬನ್ನು ಅವಳು ಕಿವಿಯಿಂದಲೇ ಹಿಡಿದುಬಿಟ್ಟಿದ್ದಳು. ಆ ಭಾಷೆಯಲ್ಲಿ ಬಹುಪಾಲು ಪದಗಳಿಗೆ ಮೂರು ವ್ಯಂಜನಗಳ ಬೇರು. ಆ ಬೇರನ್ನು ಬೇರೆ ಬೇರೆ ಅಚ್ಚುಗಳಿಗೆ ಸುರಿದರೆ ಬೇರೆ ಬೇರೆ ಪದ. ಅಚ್ಚಿಗೆ ಅವರ ಮಾತು 'ವಜ್ನ್', ಅಂದರೆ ತೂಕ. ವಜನು ಎಂದು ನಮ್ಮ ಅಂಗಡಿಗಳಲ್ಲೂ ಕೇಳುತ್ತೇವೆ. ಮಂಜೂರು ಎಂದರೆ ನೋಡಿ ಒಪ್ಪಿದ್ದು, ಮಹಸೂಲು ಎಂದರೆ ವಸೂಲಾಗಿ ಕೈಸೇರಿದ್ದು, ಮಾಮೂಲು ಎಂದರೆ ಮಾಡುತ್ತ ಬಂದದ್ದು. ಮೂರೂ ಒಂದೇ ಅಚ್ಚಿನಲ್ಲಿ ಎರಕವಾದವು. ಕಚೇರಿಗಳಲ್ಲಿ 'ಮಾಮೂಲು' ಯಾವ ಅರ್ಥಕ್ಕೆ ಇಳಿಯಿತು ಎಂದು ಈ ಸಭೆಗೆ ವಿವರಿಸಬೇಕಾಗಿಲ್ಲ. ಇನ್ನೊಂದು ಅಚ್ಚು ಮಾಡುವವನದು: ಹಾಜರು, ದಾಖಲು, ಜಾಮೀನು, ಬಾಕಿ, ಜಾರಿ, ಮಾಜಿ. ಮತ್ತೊಂದು ಅಚ್ಚಿನಲ್ಲಿ ತಹಸೀಲು, ತಪಸೀಲು, ತಾಲೀಮು. ಬೇರು ಹಿಡಿದು ಹೋದರೆ ಬೇರೆಯದೇ ನೆಂಟಸ್ತನ ಕಾಣುತ್ತದೆ. ತಹಸೀಲು ಮತ್ತು ಮಹಸೂಲು ಒಂದೇ ತಾಯಿಯ ಮಕ್ಕಳು. ಹಾಜರು ಮತ್ತು ಹುಜೂರು ಅಣ್ಣತಮ್ಮ. ಇಲಾಖೆ ಮತ್ತು ತಾಲ್ಲೂಕು ಎರಡೂ 'ಅಂಟಿಕೊಂಡಿರುವುದು' ಎಂಬ ಒಂದೇ ಬೇರಿನಿಂದ ಬಂದವು. ಹಾಲಿ ಶಾಸಕರಿಗೆ ಅಹವಾಲು ಕೊಡುತ್ತೇವಲ್ಲ, 'ಅಹವಾಲ್' ಎನ್ನುವುದು 'ಹಾಲ್' ಎಂಬುದರ ಬಹುವಚನ.

ಆ ದಿನ ಹಿಂದಿನ ಬೆಂಚಿನ ಹುಡುಗನೊಬ್ಬ "ಹಾಗಾದ್ರೆ ಮೈಸೂರು ಸರ್?" ಎಂದ. ತರಗತಿ ನಕ್ಕಿತು, ನಾನೂ ನಕ್ಕೆ. ಮರುದಿನ ಆ ಹುಡುಗಿ ಬಂದವಳೇ ಬ್ಯಾಗನ್ನು ಕೆಳಗಿಡದೆ ಹೇಳಿದಳು: "ಸರ್, ಮೈಸೂರ್ ಅಂತ ಅರಬ್ಬಿಯಲ್ಲಿ ನಿಜವಾಗ್ಲೂ ಪದ ಇದೆ. ಸುಲಭವಾದದ್ದು ಅಂತ ಅರ್ಥ. ಅಪ್ಪನ ಫೋನಲ್ಲಿ ನೋಡಿದೆ." ಇದೆ, ಅಪ್ಪಟ ಅರಬ್ಬಿ ಪದವೇ, ಅನುಕೂಲಸ್ಥನಿಗೂ ಆ ಮಾತು ಸಲ್ಲುತ್ತದೆ. ಇಪ್ಪತ್ತು ವರ್ಷ ಕಲಿಸಿದ ನನಗೆ ನಮ್ಮ ಮೈಸೂರಿನ ಜೊತೆ ಅದನ್ನು ಜೋಡಿಸಿ ನೋಡಬೇಕೆಂದು ಹೊಳೆದಿರಲಿಲ್ಲ. ಆ ಹಿಂದಿನ ಬೆಂಚಿನವನು ಬಿಡಲಿಲ್ಲ: "ಮಹಿಷಾಸುರನ ಊರು ಸರ್ ಅದು, ಅರಬ್ಬಿ ಎಲ್ಲಿಂದ ಬಂತು?" ಅವನ ಮಾತೂ ಸರಿ. ಮಹಿಷೂರು ಮೈಸೂರಾಯಿತು, ಅರಬ್ಬಿಯ ಮೈಸೂರ್ ಬೇರೆ ಬೇರಿನದು, ಎರಡು ದಾರಿಗಳು ಒಂದು ಸದ್ದಿನಲ್ಲಿ ಅಕಸ್ಮಾತ್ತಾಗಿ ಸೇರಿವೆ ಅಷ್ಟೆ. ನಲವತ್ತು ನಿಮಿಷದ ಪೀರಿಯಡ್ಡು ಅದರಲ್ಲೇ ಮುಗಿಯಿತು. ಪಾಠ ಮುಂದೆ ಹೋಗಲಿಲ್ಲವೆಂದು ಡೈರಿಯಲ್ಲಿ ಬರೆದೆ. ಈಗ ಅನಿಸುತ್ತದೆ, ಆ ವರ್ಷ ಪಾಠ ಮುಂದೆ ಹೋದದ್ದು ಆ ದಿನವೇ.

ಅಮೆರಿಕದ ಜೋಸೆಫ್ ರೆನ್ಜುಲಿ 1978ರಲ್ಲಿ ಪ್ರತಿಭೆಯನ್ನು ಮೂರು ಬಳೆಗಳಾಗಿ ಬಿಡಿಸಿದರು: ಸರಾಸರಿಗಿಂತ ಮೇಲಿನ ಸಾಮರ್ಥ್ಯ, ಹೊಸದನ್ನು ಹುಟ್ಟಿಸುವ ಗುಣ, ಹಿಡಿದದ್ದನ್ನು ಬಿಡದ ಛಲ. ಮೂರೂ ಕೂಡುವಲ್ಲಿ ಪ್ರತಿಭೆ ಇದೆ ಎಂದರು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲೇ ಇರುವ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ, ಅಂದರೆ ನಮ್ಮ ಯಶವಂತಪುರದ ಮಗ್ಗುಲಲ್ಲೇ, ಪ್ರೊ. ಅನಿತಾ ಕುರುಪ್ ಅವರ ಮುಂದಾಳತ್ವದಲ್ಲಿ ಇಂಥ ಮಕ್ಕಳನ್ನು ಗುರುತಿಸಿ ಬೆಳೆಸುವ ಕೆಲಸ ನಡೆದಿದೆ. ನನ್ನ ಮಾಪನ ಅಷ್ಟು ದೊಡ್ಡದಲ್ಲ. ಆ ಹುಡುಗಿ ಅಪ್ಪ ಟ್ಯಾಕ್ಸಿ ನಿಲ್ಲಿಸಿ ಬರುವವರೆಗೆ ಎಚ್ಚರವಿದ್ದು, ಅವರ ಫೋನು ಈಸಿಕೊಂಡು, ಬೇರೆಯವರ ಕೀಟಲೆಯ ಮಾತನ್ನು ನಿಘಂಟಿನಲ್ಲಿ ಹುಡುಕಿದಳು. ನನಗೆ ಅಷ್ಟು ಸಾಕು.

ಜಾಣ ಮಕ್ಕಳ ಒಂದು ತೊಂದರೆ ಎಲ್ಲ ಮೇಷ್ಟ್ರುಗಳಿಗೂ ಗೊತ್ತು. ಅವರಿಗೆ ಹೇಳಿದ್ದನ್ನೇ ಹೇಳಿದರೆ ಬೇಸರ. ಭಾಷೆಯಾದರೋ ಹೇಳಿದ್ದನ್ನೇ ಹೇಳದೆ ಬರುವುದಿಲ್ಲ, ಅದರಲ್ಲೂ ಅರಬ್ಬಿ. ಇಲ್ಲಿಗೆ ತಕರಾರು ಎಂಬ ಪದಕ್ಕೆ ಬರುತ್ತೇನೆ. ಕನ್ನಡದಲ್ಲಿ ಅದು ಜಗಳ, ಆಕ್ಷೇಪಣೆ. ಅರಬ್ಬಿಯಲ್ಲಿ 'ತಕ್ರಾರ್' ಎಂದರೆ ಪುನರಾವರ್ತನೆ. ಒಂದೇ ಮಾತನ್ನು ಮತ್ತೆ ಮತ್ತೆ ಆಡಿದರೆ ಕೊನೆಗೆ ಜಗಳವೇ ಆಗುತ್ತದೆ ಎಂದು ಪಾರ್ಸಿ, ಉರ್ದುಗಳ ದಾರಿಯಲ್ಲಿ ಅರ್ಥ ಹೊರಳಿರಬೇಕು. ಮದುವೆಯಾದವರಿಗೆ ಈ ಅರ್ಥಾಂತರ ವಿವರಿಸಬೇಕಾಗಿಲ್ಲ. ಮದರಸಾಗಳಲ್ಲಿ ಈ ಪದ ಹಳೆಯ ಅರ್ಥದಲ್ಲೇ ಉಳಿದಿದೆ. ಬೆಳಗಿನ ಪಾಠವನ್ನು ಸಂಜೆ ವಿದ್ಯಾರ್ಥಿಗಳೇ ಗುಂಪಾಗಿ ಕೂತು, ತರಗತಿಯ ಒಬ್ಬ ಜಾಣನಿಂದ ಮತ್ತೆ ಹೇಳಿಸಿಕೊಂಡು, ಪ್ರಶ್ನೆ ಹಾಕಿ, ತಿದ್ದಿಕೊಳ್ಳುವುದಕ್ಕೆ ಅಲ್ಲಿ ತಕ್ರಾರ್ ಎನ್ನುತ್ತಾರೆ. ಹೇಳಿಕೊಡುವ ಜಾಣನಿಗೆ ಅದು ಬೇಸರದ ಪುನರಾವರ್ತನೆ ಆಗುವುದಿಲ್ಲ. ಯಾವಾಗ ಯಾರು ಅಡ್ಡಪ್ರಶ್ನೆ ಹಾಕುತ್ತಾರೋ ಎಂಬ ಭಯದಲ್ಲಿ ಅವನು ಪಾಠವನ್ನು ಒಳಗಿನಿಂದ ಕಲಿಯುತ್ತಾನೆ. ಎರಡು ಅರ್ಥವೂ ಒಂದೇ ಜಾಗದಲ್ಲಿ ಕೂತಿರುತ್ತವೆ.

ಮೊಬೈಲಿನ ಬಗ್ಗೆ ನಾನು ಹೇಳಬೇಕೆಂದು ಬಂದದ್ದು ಇಷ್ಟೇ. ಅದು ತಕ್ರಾರ್‌ನ ಮೊದಲ ಅರ್ಥಕ್ಕೆ ಬಹಳ ಒಳ್ಳೆಯ ಸಾಧನ. ಎರಡನೆಯ ಅರ್ಥಕ್ಕೆ, ಅಂದರೆ ತಕರಾರಿಗೆ, ಅದರ ಸುತ್ತ ಮನುಷ್ಯರು ಕೂರಬೇಕು. ಇದು ನನಗೆ ತಿಳಿದದ್ದು ಒಂದು ತಪ್ಪು ಮಾಡಿದ ಮೇಲೆ.

ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು, ಕಲಿತದ್ದು ಯಾವ ವೇಗದಲ್ಲಿ ಮರೆಯುತ್ತದೆ ಎಂದು ಬರೆದಿಟ್ಟ. 1972ರಲ್ಲಿ ಸೆಬಾಸ್ಟಿಯನ್ ಲೈಟ್ನರ್ ಅದಕ್ಕೊಂದು ಪೆಟ್ಟಿಗೆಯ ಉಪಾಯ ಹೇಳಿದ: ಗೊತ್ತಿರುವ ಚೀಟಿ ಮುಂದಿನ ಖಾನೆಗೆ, ಗೊತ್ತಿಲ್ಲದ್ದು ಮತ್ತೆ ಮೊದಲ ಖಾನೆಗೆ. ಈ 'ಖಾನೆ' ಪಾರ್ಸಿ, ನಿಮ್ಮ ಎಣಿಕೆಗೆ ಸೇರಿಸಿಕೊಳ್ಳಬೇಡಿ. 2006ರಲ್ಲಿ ಬಂದ ಆಂಕಿ ಎಂಬ ಆ್ಯಪ್ ಅಂಥದೇ ಪೆಟ್ಟಿಗೆಯನ್ನು ಮೊದಲು ಕಂಪ್ಯೂಟರಿಗೆ, ಆಮೇಲೆ ಫೋನಿಗೆ ಇಳಿಸಿತು. ಪದ ಇನ್ನೇನು ಮರೆಯಬೇಕು ಎನ್ನುವ ಹೊತ್ತಿಗೆ ಸರಿಯಾಗಿ ಅದನ್ನು ಮತ್ತೆ ಕೇಳುತ್ತದೆ. ಜಾಣ ಮಕ್ಕಳಿಗೆ ಇದರಿಂದ ದೊಡ್ಡ ಉಪಕಾರ. ಬಲ್ಲದ್ದನ್ನು ನಲವತ್ತು ಜನರ ಜೊತೆ ಮತ್ತೆ ಮತ್ತೆ ಕೂಗಬೇಕಾಗಿಲ್ಲ, ಬಲ್ಲದ್ದು ತಿಂಗಳುಗಟ್ಟಲೆ ಆಚೆ ಹೋಗುತ್ತದೆ.

ನಾನು ಉತ್ಸಾಹದಲ್ಲಿ ದಿನಕ್ಕೆ ಇಪ್ಪತ್ತು ಪದದಂತೆ ಚೀಟಿ ಮಾಡಿ ಹಂಚಿದೆ. ಅರಬ್ಬಿ ಪದ ಒಂದು ಕಡೆ, ಕನ್ನಡ ಅರ್ಥ ಇನ್ನೊಂದು ಕಡೆ. ಪೈಪೋಟಿ ಹತ್ತಿತು. ಆ ಹುಡುಗಿ ಒಂದು ತಿಂಗಳಲ್ಲಿ ಆರುನೂರು ಪದ ಮುಗಿಸಿದಳು. ನಾನು ಸ್ಟಾಫ್ ರೂಮಿನಲ್ಲಿ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದೆ. ಆಮೇಲೆ ಒಂದು ಪುಟದ ಕಥೆ ಕೊಟ್ಟೆ. ಎರಡನೆಯ ಸಾಲಿನಲ್ಲಿ ನಿಂತುಬಿಟ್ಟಳು. ಎಲ್ಲ ಪದವೂ ಗೊತ್ತು, ವಾಕ್ಯ ಗೊತ್ತಾಗುತ್ತಿಲ್ಲ. ಇಟ್ಟಿಗೆಯನ್ನು ಎಣಿಸಲು ಕಲಿಸಿದ್ದೆ, ಗೋಡೆ ಕಟ್ಟಲು ಅಲ್ಲ. ಅವಳಿಗೆ ಅಳು ಬಂತು. ಅದುವರೆಗೆ ಯಾವುದರಲ್ಲೂ ಸೋತವಳಲ್ಲ. ಜಾಣ ಮಕ್ಕಳು ಹೀಗೆ ಮೊದಲ ಸಲ ಮುಗ್ಗರಿಸಿದಾಗ ಪಕ್ಕದಲ್ಲಿ ಒಬ್ಬರು ಇರಬೇಕು. ಆ್ಯಪು ಆಗ ನಗುವ ಗೂಬೆಯನ್ನೋ ಹಾರುವ ಬಲೂನನ್ನೋ ತೋರಿಸುತ್ತದೆ.

ತೊಡಕು ಎಲ್ಲಿತ್ತು? ಕನ್ನಡದ ಮಗುವಿಗೆ ಬರಹ ಎಂದರೆ ಕಾಗುಣಿತ. ಕ ಕಾ ಕಿ ಕೀ. ಬರೆದದ್ದೆಲ್ಲ ಓದುವುದೇ, ಓದುವುದೆಲ್ಲ ಬರೆದದ್ದೇ. ಅರಬ್ಬಿಯ ಮಾಮೂಲು ಬರಹದಲ್ಲಿ ಹ್ರಸ್ವ ಸ್ವರಗಳನ್ನು ಬರೆಯುವುದೇ ಇಲ್ಲ. ಕ-ತ-ಬ ಎಂದು ಮೂರು ವ್ಯಂಜನ ಕಂಡರೆ ಅದು 'ಕತಬ', ಬರೆದನು, 'ಕುತಿಬ', ಬರೆಯಲ್ಪಟ್ಟಿತು, 'ಕುತುಬ್', ಪುಸ್ತಕಗಳು. ಯಾವುದೂ ಆಗಬಹುದು. ನಾವು ಓದಿ ಅರ್ಥ ಮಾಡಿಕೊಳ್ಳುತ್ತೇವೆ. ಅಲ್ಲಿ ಅರ್ಥ ಮಾಡಿಕೊಂಡು ಓದಬೇಕು. ಕುರಾನಿನ ಪ್ರತಿಗಳಲ್ಲಿ ಸ್ವರಚಿಹ್ನೆಗಳೆಲ್ಲ ಇರುತ್ತವೆ, ಆದ್ದರಿಂದ ಚಿಕ್ಕಂದಿನಲ್ಲಿ 'ನಾಜಿರಾ' ಕಲಿತ ಮಕ್ಕಳು ಸರಾಗವಾಗಿ ಓದುತ್ತಾರೆ. ನಾಜಿರಾ ಎಂದರೆ ನೋಡಿ ಓದುವುದು, ಮಂಜೂರಿನದೇ ಬೇರು. ಅದೇ ಮಕ್ಕಳ ಕೈಗೆ ಚಿಹ್ನೆಯಿಲ್ಲದ ಪತ್ರಿಕೆ ಕೊಟ್ಟರೆ ಈಜು ಬಾರದವರನ್ನು ಕೆರೆಗೆ ತಳ್ಳಿದಂತೆ.

ಜೇಬಿನ ಕಥೆ ಇಲ್ಲಿ ಬರಬೇಕು. ನಮ್ಮ ಜ್ಯೋತಿಷ್ಯ ಗಣಿತದಲ್ಲಿ ಜ್ಯಾ, ಜೀವಾ ಎಂದರೆ ಬಿಲ್ಲಿನ ಹೆದೆ. ಈ ಲೆಕ್ಕ ಅರಬ್ಬಿಗೆ ಹೋದಾಗ 'ಜೀಬ' ಆಯಿತು. ಬರಹದಲ್ಲಿ ಸ್ವರ ಬಿಟ್ಟುಹೋಯಿತು. ಅರ್ಥವಿಲ್ಲದ ಆ ಪದವನ್ನು ಓದುವವರು ತಮಗೆ ಗೊತ್ತಿದ್ದ 'ಜೈಬ್' ಎಂದು ಓದಿದರು. ಜೈಬ್ ಎಂದರೆ ಅಂಗಿಯ ಎದೆಯ ಮಡಿಕೆ, ಜೇಬು. ಹನ್ನೆರಡನೆಯ ಶತಮಾನದಲ್ಲಿ ಲ್ಯಾಟಿನ್ನಿಗೆ ತಂದವರು ಅದೇ ಅರ್ಥವನ್ನು ಹಿಡಿದು 'ಸೈನಸ್' ಎಂದರು. ಹೀಗೆ ನಮ್ಮ ಹೆದೆ ಅರಬ್ಬರ ಜೇಬನ್ನು ಹೊಕ್ಕು ಸೈನ್ ಆಗಿ, ಹತ್ತನೆಯ ತರಗತಿಯ ಗಣಿತ ಪುಸ್ತಕಕ್ಕೆ ವಾಪಸು ಬಂದಿದೆ. ಒಂದು ಹ್ರಸ್ವ ಗುರುತಿನ ಸುತ್ತ ಇಷ್ಟೆಲ್ಲ ಆಗುತ್ತದೆ ಎಂದು ಹೇಳಿದರೆ, ಗಣಿತದ ಜಾಣರು ಅರಬ್ಬಿ ತರಗತಿಯ ಬಾಗಿಲಲ್ಲಿ ಬಂದು ನಿಲ್ಲುತ್ತಾರೆ. ನಿಂತದ್ದನ್ನು ಕಂಡಿದ್ದೇನೆ.

ಸ್ವರವಿಲ್ಲದ ಈ ಓದಿಗೆ ಫೋನು ಹೇಗೆ ನೆರವಾಗುತ್ತದೆ? ಫೋನಿಗೂ ಇದೇ ಕಷ್ಟ! ಚಿಹ್ನೆಯಿಲ್ಲದ ವಾಕ್ಯವನ್ನು ಗಟ್ಟಿಯಾಗಿ ಓದು ಎಂದರೆ ಅದೂ ಊಹೆಯ ಮೇಲೆ ಓದುತ್ತದೆ, ಎಡವುತ್ತದೆ. ಆಮೇಲೆ ನಾನು ಮಾಡಿದ ಪಾಠವೆಂದರೆ ಇದು. ನಾಲ್ಕು ಮಕ್ಕಳಿಗೆ ಒಂದು ಫೋನು. ಒಂದು ಸಾಲನ್ನು ಅವರು ಮೊದಲು ತಾವೇ ಓದಿ ಸ್ವರ ಹಚ್ಚಬೇಕು. ಆಮೇಲೆ ಫೋನಿನಿಂದ ಓದಿಸಬೇಕು. ಎಲ್ಲಿ ಬೇರೆಯಾಯಿತೋ ಅಲ್ಲಿ ಯಾರು ಸರಿ ಎಂದು ವ್ಯಾಕರಣದ ಆಧಾರ ಕೊಟ್ಟು ವಾದಿಸಬೇಕು. ಫೋನಿನ ತಪ್ಪು ಹಿಡಿದ ದಿನ ಅವರ ಮುಖ ನೋಡಬೇಕಿತ್ತು, ಕ್ರಿಕೆಟ್ಟಿನಲ್ಲಿ ವಿಕೆಟ್ ಬಿದ್ದಂತೆ. ಈಗೀಗ ಕೇಳಿದ್ದಕ್ಕೆಲ್ಲ ತಕ್ಷಣ ಉತ್ತರ ಹೇಳುವ ಆ್ಯಪುಗಳು ಬಂದಿವೆ. ಸರಿಯನ್ನೂ ತಪ್ಪನ್ನೂ ಒಂದೇ ಠೀವಿಯಲ್ಲಿ ಹೇಳುತ್ತವೆ. ಮಂದ ಓದುಗನಿಗೆ ಅದು ಅಪಾಯ. ತಕರಾರು ತೆಗೆಯಲು ಕಲಿತ ಜಾಣ ಮಗುವಿಗೆ ಅದು ಒಳ್ಳೆಯ ಎದುರಾಳಿ.

ನಿಘಂಟಿನಲ್ಲೂ ಇದೇ ಮಾತು. ಅರಬ್ಬಿ ನಿಘಂಟುಗಳು ಬೇರಿನ ಪ್ರಕಾರ ಇರುತ್ತವೆ. ಗ್ರಂಥಾಲಯ ಎಂಬರ್ಥದ 'ಮಕ್ತಬ' ಬೇಕಾದರೆ ಮ-ದಲ್ಲಿ ಸಿಗುವುದಿಲ್ಲ, ಕ-ತ-ಬ ತೆಗೆಯಬೇಕು. 1952ರಲ್ಲಿ ಹಾನ್ಸ್ ವೇರ್ ಜರ್ಮನ್‌ನಲ್ಲಿ ಮಾಡಿದ ಕೋಶವೂ ಹಾಗೆಯೇ ಇದೆ. ಅದಕ್ಕೂ ಮೊದಲು, ಹದಿಮೂರನೆಯ ಶತಮಾನದ ಕೊನೆಯಲ್ಲಿ ಮುಗಿದ ಮಹಾಕೋಶ 'ಲಿಸಾನುಲ್ ಅರಬ್' ಇನ್ನೂ ವಿಚಿತ್ರ: ಬೇರಿನ ಕೊನೆಯ ಅಕ್ಷರದ ಪ್ರಕಾರ ಜೋಡಣೆ. ಅಂತ್ಯಪ್ರಾಸ ಹುಡುಕುವ ಕವಿಗಳಿಗೆ ಅನುಕೂಲ. ಅದನ್ನು ಮಾಡಿದವನ ಹೆಸರು ಇಬ್ನ್ ಮಂಜೂರ್. ಹೌದು, ಅದೇ ಮಂಜೂರು. ಈಗ ಇವೆಲ್ಲ ಫೋನಿನಲ್ಲಿ ಸಿಗುತ್ತವೆ, ಪದ ಹಾಕಿದರೆ ಸಾಕು, ಬೇರು ತಾನೇ ಬರುತ್ತದೆ. ಅದರಿಂದ ಬೇರು ಕೀಳುವ ಕಸರತ್ತು ತಪ್ಪಿಹೋಗುತ್ತದೆ. ಆದ್ದರಿಂದ ನನ್ನ ಕಾಯಿದೆ ಹೀಗಿತ್ತು: ಮೊದಲು ಬೇರನ್ನು ನೋಟ್‌ಬುಕ್ಕಿನಲ್ಲಿ ಬರೆ, ಆಮೇಲೆ ಫೋನು ತೆಗೆ. ಚೀಟಿಗಳನ್ನೂ ಬದಲಾಯಿಸಿದೆವು. ಒಂಟಿ ಪದ ಬಿಟ್ಟು ಒಂದು ಬೇರಿನ ಇಡೀ ಮನೆತನ ಒಂದು ಚೀಟಿಯಲ್ಲಿ, ಅದರಲ್ಲಿ ಕನ್ನಡಕ್ಕೆ ಬಂದ ಮಗಳು ಯಾರು ಎಂಬ ಪ್ರಶ್ನೆಯೊಡನೆ.

ಫೋನಿನಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಇದಾವುದೂ ಅಲ್ಲ. ಅತಿ ಅಗ್ಗದ ಫೋನಿನಲ್ಲೂ ಇರುವ ಧ್ವನಿಮುದ್ರಣ. ಅದರ ಕಾರಣ ನಮ್ಮ 'ಜ'.

ಜವಾಬು, ಮಜಕೂರು, ಇಜ್ಜತ್ತು, ಜಿಲ್ಲೆ, ಮಂಜೂರು. ಕನ್ನಡದಲ್ಲಿ ಐದರಲ್ಲೂ ಒಂದೇ ಜ. ಅರಬ್ಬಿಯಲ್ಲಿ ಐದು ಬೇರೆ ಅಕ್ಷರ, ಐದು ಬೇರೆ ಸದ್ದು. ಜಿಲ್ಲೆಯ ಮೊದಲಕ್ಷರವಂತೂ ಅರಬ್ಬರಿಗೆ ಅಭಿಮಾನದ ಅಕ್ಷರ, ತಮ್ಮ ಭಾಷೆಯನ್ನೇ 'ದಾದ್ ಭಾಷೆ' ಎಂದು ಕರೆದುಕೊಳ್ಳುತ್ತಾರೆ. (ಜಿಲ್ಲೆಯ ಮೂಲಾರ್ಥ ಪಕ್ಕೆಲುಬು. ಭೂಪಟ ನೋಡಿದರೆ ಒಪ್ಪುವಂತಿದೆ.) ಹಾಗೆಯೇ ನಮ್ಮ ಒಂದು ಕ ಅವರಲ್ಲಿ ಎರಡು. ಗಂಟಲ ಆಳದ ಕ ಹಾಕಿ 'ಕಲ್ಬ್' ಎಂದರೆ ಹೃದಯ, ನಮ್ಮ ಮಾಮೂಲು ಕ ಹಾಕಿದರೆ ನಾಯಿ. ಪ್ರೀತಿಯ ಮಾತಾಡುವವರು ಎಚ್ಚರವಾಗಿರಬೇಕು.

ಇದನ್ನು ಮಕ್ಕಳಿಗೆ ಬಾಯಿಮಾತಿನಲ್ಲಿ ಹೇಳಿ ಪ್ರಯೋಜನವಿಲ್ಲ. ನನ್ನ ಬಾಯಿಯೂ ಕೋಲಾರದ್ದೇ. ಒಳ್ಳೆಯ ವಾಚನವನ್ನು ಅರ್ಧ ವೇಗದಲ್ಲಿ ಕೇಳು, ನಿನ್ನದನ್ನು ರೆಕಾರ್ಡ್ ಮಾಡು, ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳು. ತನ್ನ ದನಿಯನ್ನು ಹೊರಗಿನಿಂದ ಕೇಳಿದಾಗ ಜಾಣ ಮಗುವಿಗೆ ಮೇಷ್ಟ್ರು ಬೇಕಾಗುವುದೇ ಇಲ್ಲ. "ಥೂ, ಇದು ನಾನಾ?" ಎಂದು ತಾನೇ ತಿದ್ದಿಕೊಳ್ಳುತ್ತದೆ.

ಈ ಸದ್ದಿನ ವಿಚಾರದಲ್ಲಿ ಕನ್ನಡದ ಮಗು ಕೈ ಬರಿದಾಗಿ ಬಂದಿರುವುದಿಲ್ಲ. ಎಂಟನೆಯ ಶತಮಾನದ ಬಸ್ರಾದಲ್ಲಿ ಅಲ್-ಖಲೀಲ್ ಎಂಬ ದೊಡ್ಡ ವಿದ್ವಾಂಸನಿದ್ದ. ಅರಬ್ಬಿ ಛಂದಸ್ಸಿಗೆ ಶಾಸ್ತ್ರ ಕಟ್ಟಿದವನೂ ಅವನೇ. ಅವನು ನಿಘಂಟು ಮಾಡಹೊರಟಾಗ ರೂಢಿಯ ಅಕ್ಷರ ಕ್ರಮವನ್ನು ಬಿಟ್ಟು, ಸದ್ದು ಬಾಯಲ್ಲಿ ಎಲ್ಲಿ ಹುಟ್ಟುತ್ತದೆ ಎಂದು ನೋಡಿ, ಗಂಟಲಿನಿಂದ ಶುರುಮಾಡಿ ತುಟಿಯವರೆಗೆ ಅಕ್ಷರಗಳನ್ನು ಜೋಡಿಸಿದ. ಗಂಟಲ ಆಳದ 'ಐನ್' ಮೊದಲು ಬಂದದ್ದರಿಂದ ಪುಸ್ತಕದ ಹೆಸರು 'ಕಿತಾಬುಲ್ ಐನ್'. ಕಂಠ್ಯ, ತಾಲವ್ಯ, ಮೂರ್ಧನ್ಯ, ದಂತ್ಯ, ಓಷ್ಠ್ಯ ಎಂದು ಐದನೆಯ ತರಗತಿಯಲ್ಲಿ ಕಲಿತ ಮಗುವಿಗೆ ಇದು ತನ್ನ ಮನೆಯ ಹಜಾರದಂತೆ ಕಾಣುತ್ತದೆ. ಇಂಡಿಯಾದಿಂದ ಹೋದ ಉಪಾಯವೋ ಅವನಿಗೇ ಹೊಳೆದದ್ದೋ ಎಂದು ಪಂಡಿತರಲ್ಲಿ ತಕರಾರಿದೆ. ಪಂಡಿತರ ತಕರಾರು, ಮುಗಿಯುವುದಿಲ್ಲ. ನನ್ನ ಮಕ್ಕಳಿಗೆ ಒಂದು ಕೆಲಸ ಕೊಟ್ಟಿದ್ದೆ: ಅಲ್-ಖಲೀಲನ ಕ್ರಮದಲ್ಲಿ ಅರಬ್ಬಿ ಅಕ್ಷರಗಳನ್ನೂ ನಮ್ಮ ವರ್ಗಾಕ್ಷರಗಳನ್ನೂ ಒಂದಾದ ಮೇಲೊಂದು ಫೋನಿನಲ್ಲಿ ರೆಕಾರ್ಡ್ ಮಾಡಿ, ಕಣ್ಣು ಮುಚ್ಚಿ ಕೇಳಿ, ನಾಲಿಗೆ ಎಲ್ಲಿಗೆ ಹೋಗುತ್ತದೆ ಎಂದು ಚಿತ್ರ ಬರೆಯುವುದು.

ಅರಬ್ಬಿ ನಮ್ಮ ಮಕ್ಕಳಿಗೇಕೆ ಎಂದು ಕೇಳುವವರೂ ಇದ್ದಾರೆ. ಕೊಲ್ಲಿಯ ನೌಕರಿ, ಬೆಂಗಳೂರಿನ ಆಸ್ಪತ್ರೆಗಳಿಗೆ ಬರುವ ಅರಬ್ ರೋಗಿಗಳಿಗೆ ಬೇಕಾದ ದುಭಾಷಿಗಳು, ಇವೆಲ್ಲ ನಿಮಗೆ ಗೊತ್ತಿರುವುದೇ. ನಾನು ಬೇರೆ ಎರಡು ಊರುಗಳ ಹೆಸರು ಹೇಳುತ್ತೇನೆ. ಹದಿನಾಲ್ಕನೆಯ ಶತಮಾನದಲ್ಲಿ ನಮ್ಮ ಹೊನ್ನಾವರಕ್ಕೆ ಬಂದ ಇಬ್ನ್ ಬತೂತ ಅಲ್ಲಿ ಹುಡುಗಿಯರಿಗೆ ಹದಿಮೂರು, ಹುಡುಗರಿಗೆ ಇಪ್ಪತ್ತಮೂರು ಶಾಲೆಗಳನ್ನು ಕಂಡೆನೆಂದು ಬರೆದಿದ್ದಾನೆ. ಊರಿನ ಹೆಂಗಸರಿಗೆ ಕುರಾನು ಕಂಠಪಾಠವಿತ್ತಂತೆ. ಅದಕ್ಕೂ ಇನ್ನೂರು ವರ್ಷ ಮೊದಲು, ಸುಮಾರು 1132ರಿಂದ 1149ರವರೆಗೆ ಮಂಗಳೂರಿನಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಇದ್ದ. ಅವನ ಕಾಗದಗಳ ಭಾಷೆ ಅರಬ್ಬಿ, ಲಿಪಿ ಹೀಬ್ರೂ. ಅವನ ವ್ಯವಹಾರ ನೋಡಿಕೊಂಡು ಏಡನ್‌ವರೆಗೆ ಹೋಗಿಬರುತ್ತಿದ್ದ ಆಳಿನ ಹೆಸರು ಬೊಮ್ಮ. ಕೈರೋದ ಒಂದು ಸಿನಗಾಗಿನ ಕೋಣೆಯಲ್ಲಿ ಉಳಿದ ಆ ಕಾಗದಗಳ ಜಾಡು ಹಿಡಿದು ಅಮಿತಾವ್ ಘೋಷ್ 1992ರಲ್ಲಿ ಒಂದು ಪುಸ್ತಕವನ್ನೇ ಬರೆದರು. ನಮ್ಮ ಕರಾವಳಿಯ ಬೊಮ್ಮ ಏಡನ್ನಿನ ಪೇಟೆಯಲ್ಲಿ ಯಾವ ಜ ಉಚ್ಚರಿಸುತ್ತಿದ್ದನೋ! ಅವನಿಗೆ ಯಾರೂ ಪರೀಕ್ಷೆ ಇಟ್ಟಿರಲಿಲ್ಲ.

ಮನೆಯ ಅರಬ್ಬಿ, ಶಾಲೆಯ ಅರಬ್ಬಿ ಬೇರೆ ಎಂಬುದೂ ಒಂದು ತೊಡಕು. ಕೊಲ್ಲಿಯಲ್ಲಿ ದುಡಿದು ಬಂದ ಅಪ್ಪ "ಶ್ಲೋನಕ್?" ಎಂದು ಕೇಳುತ್ತಾರೆ. ಮಗಳು ಪುಸ್ತಕ ಓದಿ "ಕೈಫ ಹಾಲುಕ?" ಎನ್ನುತ್ತಾಳೆ. ಇಬ್ಬರೂ ಕೇಳುತ್ತಿರುವುದು ಹೇಗಿದ್ದೀರಿ ಎಂದೇ. ಗ್ರಾಂಥಿಕ ಕನ್ನಡಕ್ಕೂ ಚಿಕ್ಕಜಾಲದ ಸಂತೆಯ ಕನ್ನಡಕ್ಕೂ ಇರುವ ದೂರವನ್ನು ಬಲ್ಲ ಮಗು ಇದಕ್ಕೆ ಹೆದರಬೇಕಾಗಿಲ್ಲ. ಅಪ್ಪನ ಮಾತನ್ನು ರೆಕಾರ್ಡ್ ಮಾಡಿಕೊಂಡು ಬಾ ಎಂದು ಕಳಿಸುತ್ತಿದ್ದೆ. ಎಷ್ಟೋ ಮನೆಗಳಲ್ಲಿ ಅಪ್ಪಂದಿರು ತಮ್ಮ ಗಲ್ಫಿನ ವರ್ಷಗಳ ಬಗ್ಗೆ ಮಕ್ಕಳೊಡನೆ ಮೊದಲ ಸಲ ಮಾತಾಡಿದ್ದು ಆ ನೆಪದಲ್ಲಿ.

ಮಕ್ಕಳ ಕೈಗೆ ಫೋನು ಕೊಡಬೇಕೇ ಎಂಬ ದೊಡ್ಡ ಜಗಳದಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುವುದಿಲ್ಲ. 2023ರ ಯುನೆಸ್ಕೊ ವರದಿ ಶಾಲೆಗಳಲ್ಲಿ ಫೋನಿನ ಬಗ್ಗೆ ಎಚ್ಚರ ಹೇಳಿತು, ನನಗೂ ಒಪ್ಪಿಗೆ. 2020ರ ಕೋವಿಡ್ ದಿನಗಳಲ್ಲಿ, ಶಾಲೆ ಮುಚ್ಚಿ ವಿದ್ಯಾಗಮ ಯೋಜನೆಯಲ್ಲಿ ಪಾಠ ನಡೆದ ಕಾಲದಲ್ಲಿ, ಒಂದು ಮನೆಗೆ ಒಂದೇ ಫೋನು, ಅದೂ ಅಪ್ಪನ ಜೊತೆ ರಾತ್ರಿ ಒಂಬತ್ತಕ್ಕೆ ಬರುವುದು ಎಂಬುದನ್ನು ಎಲ್ಲರೂ ಕಂಡೆವು. ಒಂದು ಮಗುವಿಗೆ ಒಂದು ಸಾಧನ ಬೇಕು ಎಂದು ಕೆಲವರು ಅದರಿಂದ ಪಾಠ ಕಲಿತರು. ನಾನು ಕಲಿತದ್ದು ಬೇರೆ. ನಾಲ್ಕು ಮಕ್ಕಳ ನಡುವೆ ಒಂದು ಫೋನು ಇದ್ದಾಗ ಅದು ತಕ್ರಾರಿನ ಹಲಗೆಯಾಗುತ್ತದೆ, ಒಬ್ಬೊಬ್ಬರಿಗೆ ಒಂದೊಂದಾದಾಗ ನಾಲ್ಕು ಬಾಗಿಲುಗಳಾಗುತ್ತವೆ. ಬಡತನವನ್ನು ಹೊಗಳುತ್ತಿದ್ದೇನೆ ಎಂದು ತಿಳಿಯಬೇಡಿ. ದುಡ್ಡಿದ್ದ ಶಾಲೆಯಲ್ಲೂ ನಾನು ಮೂರು ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ.

ಆ ಹುಡುಗಿ ಪಿಯುಸಿಯಲ್ಲೂ ಅರಬ್ಬಿ ತೆಗೆದುಕೊಂಡಳು. ಈಗ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಅವಳ ನಾಲ್ವರ ಗುಂಪು ಇನ್ನೂ ವಾಟ್ಸಾಪಿನಲ್ಲಿ ತಕ್ರಾರು ಬಿಟ್ಟಿಲ್ಲ. ಅರಬ್ಬಿ, ಕನ್ನಡ ಒಂದೇ ಸಾಲಿನಲ್ಲಿ ಬರೆದರೆ ಒಂದು ಬಲಕ್ಕೆ ಒಂದು ಎಡಕ್ಕೆ ಓಡಿ ಸಾಲು ಕಲಸಿಹೋಗುತ್ತದೆಂದು ದನಿಯಲ್ಲೇ ಮಾತಾಡುತ್ತಾರೆ. ಚಿಕ್ಕಜಾಲದಲ್ಲಿ ಭಾಷಣವಿದೆ ಎಂದು ನಾನು ಅಲ್ಲಿ ಹಾಕಿದೆ. ಅರ್ಧ ಗಂಟೆಯಲ್ಲಿ ಅವಳ ದನಿ ಬಂತು.

"ಸರ್, ಊರಿನ ಹೆಸರು ನೋಡಿದ್ರಾ? ಅರಬ್ಬಿಯಲ್ಲಿ 'ಜಾಲ' ಅಂದ್ರೆ ಅಲೆದಾಡಿದ ಅಂತ. ಅದೇ ಬೇರಿಂದ 'ಜವ್ವಾಲ್', ಅಲೆದಾಡುವಂಥದ್ದು. ಸೌದಿ ಕಡೆ ಮೊಬೈಲಿಗೆ ಅದೇ ಹೆಸರು. ಹಮಾಲ, ದಲ್ಲಾಳಿ ಇದಾವಲ್ಲ, ಅದೇ ಅಚ್ಚು."

ನಾನು ಫೋನು ಕೆಳಗಿಟ್ಟು ನಿಘಂಟು ತೆಗೆದೆ. ಮೊದಲು ಬೇರನ್ನು ಕಾಗದದ ಮೇಲೆ ಬರೆದೆ. ಸರಿಯಾಗಿಯೇ ಇತ್ತು. ಉತ್ತರ ಕೊಡುವಷ್ಟರಲ್ಲಿ ಮೈಸೂರಿನ ಪ್ರಶ್ನೆ ಕೇಳಿದ್ದ ಆ ಹಿಂದಿನ ಬೆಂಚಿನವನ ದನಿ ಬಂದು ಕೂತಿತ್ತು: "ಸರಿ ಬಿಡು, ಜಾಲ ಅರಬ್ಬಿ ಅಂತಾನೇ ಇಟ್ಕೋ. ಹಾಗಾದ್ರೆ ಆ 'ಚಿಕ್ಕ' ಯಾವ ಅಚ್ಚು?"

ಅವಳು ಇನ್ನೂ ಜವಾಬು ಕೊಟ್ಟಿಲ್ಲ.